ಹೊಲದಲ್ಲಿ ಚೆನ್ನಾಗಿದ್ದ ಹೂ ಬಕೆಟ್‌ನಲ್ಲಿ ಯಾಕೆ ಕೆಟ್ಟಿತು? ಕುಷ್ಟಗಿ ಕಡೆಯ ಒಂದು ಗ್ಲಾಡಿಯೋಲಸ್ ಪ್ರಕರಣ

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಜಿಲ್ಲಾ ಫಲಪುಷ್ಪ ಪ್ರದರ್ಶನಕ್ಕೆ ಮೂರು ಗ್ಲಾಡಿಯೋಲಸ್ ದಂಟು ಬಂದಿದ್ದವು. ಗ್ಲಾಡಿಯೋಲಸ್ ಅಂದರೆ ಉದ್ದನೆಯ ದಂಟಿನ ಮೇಲೆ ಸಾಲಾಗಿ ಅರಳುವ ಹೂ. ತೀರ್ಪುಗಾರರು ಮೇಜಿನ ಹತ್ತಿರ ಬರುವ ಹೊತ್ತಿಗೆ ಮೂರೂ ಕೆಟ್ಟಿದ್ದವು. ಕೆಳಗಿನ ಹೂಗಳು ಅರಳಿದ್ದವು, ಆದರೆ ಎಸಳಿನ ಅಂಚು ಬೆಂಕಿ ತಾಗಿದ ಕಾಗದದ ಹಾಗೆ ಕಂದಾಗಿತ್ತು. ಅವುಗಳ ಮೇಲಿನ ಮೊಗ್ಗುಗಳು ಬಣ್ಣ ತೋರಿಸಿ ಅಲ್ಲೇ ನಿಂತುಬಿಟ್ಟಿದ್ದವು. ತುದಿಗಳು ಬೇರೆ ಬಾಗಿದ್ದವು. ಎರಡು ದಿನ ಮುಂಚೆ ಹೊಲದಲ್ಲಿ ಇದೇ ದಂಟುಗಳನ್ನು ನೋಡಿದವರು, ಈ ಸಲ ಬಹುಮಾನ ಇವರಿಗೇ ಅಂತ ಹೇಳಿಬಿಟ್ಟಿದ್ದರು.

ಹೊಲದಲ್ಲಿ ಅಷ್ಟು ಚೆನ್ನಾಗಿದ್ದದ್ದು ಎರಡು ದಿನದಲ್ಲಿ ಯಾಕೆ ಹೀಗಾಯಿತು, ಮುಂದಿನ ವರ್ಷದ ಪ್ರದರ್ಶನಕ್ಕೆ ಅದನ್ನು ಹೇಗೆ ಸರಿ ಮಾಡಿದರು ಎಂಬುದೇ ಈ ಬರಹದ ವಿಷಯ. ಬೆಳೆದವರು ಹೆಸರು ಬೇಡ ಅಂದಿದ್ದಾರೆ. ಹಾಗಾಗಿ ಅಕ್ಕ ಅಂತಲೇ ಬರೆಯುತ್ತೇನೆ, ನಾನು ಅವರನ್ನು ಕರೆಯುವುದೂ ಹಾಗೇ. ಪ್ರದರ್ಶನದಲ್ಲಿ ಎಂಟ್ರಿ ಬರೆದುಕೊಂಡು, ತೀರ್ಪುಗಾರರ ಹಿಂದೆ ಅಂಕಪಟ್ಟಿ ಹಿಡಿದು ಓಡಾಡುವವರಲ್ಲಿ ನಾನೂ ಒಬ್ಬ. ಅವರು ಏನು ನೋಡುತ್ತಾರೆ, ಯಾವುದಕ್ಕೆ ಮುಖ ಸಿಂಡರಿಸುತ್ತಾರೆ ಅನ್ನುವುದು ಅಷ್ಟಿಷ್ಟು ಗೊತ್ತು.

ಹೊಲ, ಹೂ, ಊರು

ಅಕ್ಕನ ಮನೆಯವರದು ಎರೆ ಹೊಲ. ಮಳೆ ನಂಬಿ ಕಡಲೆ, ಬಿಳಿಜೋಳ ಬೆಳೆಯುತ್ತಾರೆ. ಬೋರ್ ಇರುವ ಮೂಲೆಯಲ್ಲಿ ಮಾತ್ರ ಹೂ. ಚೆಂಡುಹೂ, ಸೇವಂತಿ, ಸ್ವಲ್ಪ ಸುಗಂಧರಾಜ. ಎಲ್ಲ ಸಂತೆಗೆ, ಗುಡಿಗೆ, ಮದುವೆಮನೆಗೆ ಹೋಗುವ ಹೂಗಳು. ಗ್ಲಾಡಿಯೋಲಸ್ ಬಂದದ್ದು ಮಗಳಿಂದ. ಅವಳು ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಾಳೆ. ಒಂದು ಸಲ ರಜೆಗೆ ಬರುವಾಗ ಚೀಲದಲ್ಲಿ ಗಡ್ಡೆ ತಂದಳು. ಅಮೆರಿಕನ್ ಬ್ಯೂಟಿ ಅನ್ನುವ ಗಾಢ ಗುಲಾಬಿ ಬಣ್ಣದ ತಳಿ, ವೈಟ್ ಪ್ರಾಸ್ಪೆರಿಟಿ ಅನ್ನುವ ಬಿಳಿ ತಳಿ. ಎರಡೂ ನಮ್ಮ ಕಡೆ ಸುಲಭವಾಗಿ ಸಿಗುತ್ತವೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೂ ಗ್ಲಾಡಿಯೋಲಸ್ ತಳಿಗಳನ್ನು ಹೊರತಂದಿದ್ದಾರೆ. ಅವರ ಬಿಳಿ ಹೂವಿನ ಮೀರಾ ತಳಿ ಬೇಕೆಂದು ಮಗಳು ಹುಡುಕಿದ್ದಳು, ಆ ಹೊತ್ತಿಗೆ ಸಿಕ್ಕಿರಲಿಲ್ಲ.

ಗ್ಲಾಡಿಯೋಲಸ್ ಐರಿಸ್ ಕುಟುಂಬದ ಗಿಡ. ಹೊರದೇಶದ ಪುಷ್ಪ ಪ್ರದರ್ಶನಗಳಲ್ಲಿ ಐರಿಸ್ ದಂಟಿಗೆ ದೊಡ್ಡ ಮರ್ಯಾದೆ ಇದೆ. ಅಮೆರಿಕದಲ್ಲಿ 1920ರಿಂದಲೇ ಅದಕ್ಕೆ ಅಂತ ಒಂದು ಸಂಘ ಇದೆ, ಅದು ತೀರ್ಪುಗಾರರಿಗೆ ತರಬೇತಿ ಕೂಡ ಕೊಡುತ್ತದೆ. ಆದರೆ ಅಲ್ಲಿ ಪ್ರದರ್ಶನಕ್ಕೆ ಇಡುವ ದೊಡ್ಡ ಹೂವಿನ ಐರಿಸ್‌ಗೆ ಚಳಿಗಾಲದಲ್ಲಿ ಗಟ್ಟಿ ಚಳಿ ಬೇಕು. ಜನವರಿಯಲ್ಲೂ ಹಗಲು 30 ಡಿಗ್ರಿ ಆಸುಪಾಸು ಇರುವ ಕೊಪ್ಪಳದಲ್ಲಿ ಅದು ಆಗದ ಮಾತು. ಗ್ಲಾಡಿಯೋಲಸ್ ಹಾಗಲ್ಲ. ಅದರ ಜಾತಿಗಳಲ್ಲಿ ಹೆಚ್ಚಿನವು ಆಫ್ರಿಕಾದ ದಕ್ಷಿಣ ಭಾಗದವು. ನಮ್ಮ ಹಿಂಗಾರಿ ಹವೆ ಅದಕ್ಕೆ ಒಗ್ಗುತ್ತದೆ.

ಹೋದ ವರ್ಷ ಅಕ್ಕ ಹೆಸರು ಕೊಟ್ಟಿದ್ದು ‘ಒಂದೇ ತಳಿಯ ಮೂರು ದಂಟು’ ವಿಭಾಗಕ್ಕೆ. ಇದು ಕಠಿಣ ವಿಭಾಗ. ಒಂದು ದಂಟು ಚೆನ್ನಾಗಿ ಬರುವುದು ಅದೃಷ್ಟ ಇದ್ದರೂ ಆಗಬಹುದು, ಮೂರು ಒಂದೇ ಥರ ಬರಬೇಕಂದ್ರೆ ಕೈಗುಣವೇ ಬೇಕು.

ತೀರ್ಪುಗಾರರು ನೋಡುವುದು ಏನನ್ನು

ಗ್ಲಾಡಿಯೋಲಸ್ ಕೆಳಗಿನಿಂದ ಮೇಲಕ್ಕೆ ಅರಳುತ್ತದೆ. ಬುಡದ ಹೂ ಮೊದಲು, ತುದಿಯ ಮೊಗ್ಗು ಕೊನೆಗೆ. ಒಳ್ಳೆಯ ದಂಟು ಅಂದರೆ ಮೂರನೇ ಒಂದು ಪಾಲು ಅರಳಿರಬೇಕು, ಇನ್ನೊಂದು ಪಾಲು ಮೊಗ್ಗಿನಲ್ಲಿ ಬಣ್ಣ ಕಾಣಬೇಕು, ಉಳಿದದ್ದು ಹಸಿರು ಮೊಗ್ಗಾಗಿಯೇ ಇರಬೇಕು. 18 ಮೊಗ್ಗಿನ ದಂಟಾದರೆ 6 ಅರಳಿ, 6 ಬಣ್ಣ ತೋರಿಸಿ, 6 ಹಸಿರಾಗಿ ಇರಬೇಕು ಎಂದಾಯಿತು. ಅಷ್ಟು ಕರಾರುವಾಕ್ಕಾಗಿ ಎಲ್ಲಿ ಬರುತ್ತದೆ? ಹತ್ತಿರ ಬಂದರೆ ಸಾಕು. ಹೂಗಳೆಲ್ಲ ಒಂದೇ ಕಡೆ ಮುಖ ಮಾಡಿರಬೇಕು, ನಡುವೆ ಬೋಳು ಜಾಗ ಇರಬಾರದು, ದಂಟು ನೆಟ್ಟಗಿರಬೇಕು. ಉತ್ತರ ಅಮೆರಿಕದವರು ಹೂವಿನ ಅಗಲ ನೋಡಿ 100, 200, 300, 400, 500 ಅಂತ ಐದು ಗುಂಪು ಮಾಡಿದ್ದಾರೆ. ಎರಡೂವರೆ ಇಂಚಿಗಿಂತ ಸಣ್ಣದು 100, ಐದೂವರೆ ಇಂಚು ದಾಟಿದರೆ 500. ನಮ್ಮ ಜಿಲ್ಲಾ ಮಟ್ಟದಲ್ಲಿ ಅಷ್ಟೆಲ್ಲ ವಿಂಗಡಣೆ ಮಾಡುವುದಿಲ್ಲ. ಆದರೆ ತೀರ್ಪು ಕೊಡಲು ಬರುವ ತೋಟಗಾರಿಕೆಯವರು ಈ ಮೂರು ಪಾಲಿನ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡೇ ಬರುತ್ತಾರೆ.

ಈ ಲೆಕ್ಕದಲ್ಲಿ ನೋಡಿದರೆ ಅಕ್ಕನ ದಂಟುಗಳಿಗೆ ಮೂರು ಕಡೆ ಪೆಟ್ಟು ಬಿದ್ದಿತ್ತು. ಅಂಚು ಸುಟ್ಟಿತ್ತು, ನಡುವಿನ ಮೊಗ್ಗು ಅರಳಿರಲಿಲ್ಲ, ತುದಿ ಬಾಗಿತ್ತು. ತುದಿ ಬಾಗಿದ್ದಕ್ಕೆ ಕಾರಣ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ತಲೆ ತಿಂದದ್ದು ಮೊದಲಿನ ಎರಡು.

ಯಾರ ಮೇಲೆ ಅನುಮಾನ

ಊರವರೆಲ್ಲ ಬಿಸಿಲು ಅಂದರು. ಅಕ್ಕನ ಮೈದುನ ಔಷಧಿ ಹೊಡೆದದ್ದು ಜಾಸ್ತಿ ಆಗಿರಬೇಕು ಅಂದ. ಔಷಧಿ ಹೊಡೆದು ಬಹಳ ದಿನ ಆಗಿತ್ತು, ಆಗ ಈ ಹೂಗಳು ಮೊಗ್ಗನ್ನು ಸುತ್ತಿರುವ ಹಸಿರು ಪೊರೆಯೊಳಗೇ ಇದ್ದವು. ಹೊಡೆತ ಬಿದ್ದಿದ್ದರೆ ಎಲೆಯಲ್ಲೂ ಕಾಣಬೇಕಿತ್ತು.

ರಸ ಹೀರುವ ಸಣ್ಣ ಹುಳ ಥ್ರಿಪ್ಸ್ ಇರಬಹುದೇ ಅಂತ ನಾನು ಕೇಳಿದೆ. ಮೆಣಸಿನಕಾಯಿ ಬೆಳೆಯುವ ನಮ್ಮ ಭಾಗದಲ್ಲಿ ಥ್ರಿಪ್ಸ್ ಹೆಸರು ಕೇಳದ ರೈತ ಇಲ್ಲ, ಗ್ಲಾಡಿಯೋಲಸ್‌ಗೂ ಅದು ದೊಡ್ಡ ಶತ್ರು. ಆದರೆ ಅದು ಬಂದರೆ ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರು ಬೀಳುತ್ತದೆ, ಎಸಳಿನ ಮೇಲೆ ಅಲ್ಲಲ್ಲಿ ಬಣ್ಣ ಹೀರಿದ ಚುಕ್ಕೆ ಇರುತ್ತದೆ, ಮೊಗ್ಗು ಪೊರೆಯೊಳಗೇ ಒಣಗುತ್ತದೆ. ಇಲ್ಲಿ ಎಲೆ ಸ್ವಚ್ಛವಾಗಿತ್ತು. ಎಸಳಿನ ನಡುಭಾಗವೂ ಸ್ವಚ್ಛ. ಸುಟ್ಟದ್ದು ಅಂಚು ಮಾತ್ರ, ಅದೂ ಗೆರೆ ಎಳೆದಂತೆ. ಹೊಲದಲ್ಲಿ ಉಳಿದಿದ್ದ ಗಿಡಗಳ ಹೂ ಹಾಗಿರಲಿಲ್ಲ. ಕೊಯ್ದು ಬಕೆಟ್‌ಗೆ ಇಟ್ಟವು ಮಾತ್ರ ಹೀಗಾಗಿದ್ದವು.

ಹಾಗಾದರೆ ನೀರು. ಮಗಳು ಇದನ್ನು ಮೊದಲೇ ಹೇಳಿದ್ದಳು. ಅಕ್ಕ ಒಪ್ಪಿರಲಿಲ್ಲ. ಅವರ ವಾದವನ್ನು ತಳ್ಳಿಹಾಕುವ ಹಾಗೂ ಇರಲಿಲ್ಲ.

“ಅದ ಬಕೀಟ್‌ನ್ಯಾಗ ಸೇವಂತಿನೂ ಇಟ್ಟಿದ್ವಿ ಅಣ್ಣಾರ. ಸೇವಂತಿ ನೋಡ್ರಿ, ಹೆಂಗ ಇಟ್ಟಿದ್ವಿ ಹಂಗ ಐತಿ. ನೀರು ಕೆಟ್ಟದ್ದಾದ್ರ ಅದೂ ಕೆಡಬೇಕಿತ್ತಲ್ಲ?”

ಮನೆಯವರೆಲ್ಲ ಕುಡಿಯುವುದೂ ಒಂದು ಕಾಲದಲ್ಲಿ ಇದೇ ಬೋರ್ ನೀರನ್ನು. ಇಡೀ ಪ್ರಕರಣ ತಿರುಗುವುದು ಈ ಸೇವಂತಿಯ ಪ್ರಶ್ನೆಯ ಮೇಲೆಯೇ.

ಒಂದು ಹೂವಿಗೆ ಆಗುವ ನೀರು ಇನ್ನೊಂದಕ್ಕೆ ಆಗದು

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಷ್ಟಗಿ, ಯಲಬುರ್ಗಾ ಕಡೆ ಇದು ಹೊಸ ಸುದ್ದಿಯೇ ಅಲ್ಲ. ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದವರು, ಮಂಡಿ ಹಿಡಿದವರು ಊರೂರಲ್ಲಿ ಸಿಗುತ್ತಾರೆ. ಗ್ರಾನೈಟಿನಂಥ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ನೀರು ಬಹಳ ಕಾಲ ನಿಂತು, ಕಲ್ಲಿನೊಳಗಿನ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ.

ಮನುಷ್ಯರ ಲೆಕ್ಕ ಇದು. ಹೂವಿನ ಲೆಕ್ಕ ಬೇರೆ. ಕೊಯ್ದ ಗ್ಲಾಡಿಯೋಲಸ್ ದಂಟಿಗೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡೇ ಜಾಸ್ತಿ. ಜರ್ಬೆರಾ, ಫ್ರೀಸಿಯಾ ಕೂಡ ಇದೇ ಗುಂಪಿನವು. ಸೇವಂತಿ, ಗುಲಾಬಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಡೆದುಕೊಳ್ಳುತ್ತವೆ. ಅಂದರೆ ಸರ್ಕಾರಿ ಲೆಕ್ಕದಲ್ಲಿ ಕುಡಿಯಲು ಪರವಾಗಿಲ್ಲ ಅನ್ನಿಸಿಕೊಂಡ ನೀರೂ ಗ್ಲಾಡಿಯೋಲಸ್ ಅಂಚನ್ನು ಸುಡಬಹುದು, ಅದೇ ಬಕೆಟ್‌ನಲ್ಲಿ ಸೇವಂತಿ ನಗುತ್ತಾ ಕೂತಿರಬಹುದು. ಗ್ಲಾಡಿಯೋಲಸ್ ಈ ವಿಷಯದಲ್ಲಿ ಎಷ್ಟು ಸೂಕ್ಷ್ಮ ಅಂದರೆ, ಅಲ್ಯೂಮಿನಿಯಂ ಕಾರ್ಖಾನೆಗಳ ಸುತ್ತ ಗಾಳಿಯಲ್ಲಿ ಫ್ಲೋರೈಡ್ ಇದೆಯೇ ಎಂದು ತಿಳಿಯಲು ಇದನ್ನೇ ನೆಟ್ಟು ಎಲೆಯ ತುದಿ ನೋಡುತ್ತಾರೆ.

ಅಂಚು ಮಾತ್ರ ಯಾಕೆ? ದಂಟು ನೀರು ಹೀರುತ್ತದೆ, ನೀರು ಎಸಳಿನವರೆಗೆ ಹೋಗಿ ಆವಿಯಾಗುತ್ತದೆ. ಫ್ಲೋರೈಡ್ ಆವಿಯಾಗುವುದಿಲ್ಲ. ಅದು ದಾರಿಯ ಕೊನೆಯಲ್ಲಿ, ಅಂದರೆ ಅಂಚಿನಲ್ಲಿ ಕೂಡುತ್ತಾ ಹೋಗುತ್ತದೆ.

ಹೊಲಕ್ಕೂ ಇದೇ ನೀರು ಬಿಡುತ್ತಿದ್ದರಲ್ಲ, ಅಲ್ಲಿ ಯಾಕೆ ಸುಡಲಿಲ್ಲ? ಇದು ಮಗಳ ಕಾಲೇಜಿನ ಪಾಠದಿಂದ ಬಂದ ಉತ್ತರ. ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ಸುಣ್ಣದ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ, ಬೇರಿಗೆ ಸಿಗುವುದು ಕಡಿಮೆ. ಕೊಯ್ದ ದಂಟಿಗೆ ನಡುವೆ ಮಣ್ಣೂ ಇಲ್ಲ, ಬೇರೂ ಇಲ್ಲ. ಬಕೆಟ್‌ನಲ್ಲಿ ಇದ್ದದ್ದು ನೇರ ಮೇಲೆ ಏರುತ್ತದೆ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಸ್ವಲ್ಪ ಫ್ಲೋರೈಡ್ ಇರುತ್ತದೆ, ಹಾಗಾಗಿ ಗ್ಲಾಡಿಯೋಲಸ್ ಮಡಿಗೆ ಅದನ್ನು ಹಾಕದಿರುವುದು ಒಳ್ಳೆಯದು ಅಂತ ಅವಳ ಅಭಿಪ್ರಾಯ. ಎರೆ ಹೊಲದಲ್ಲಿ ಇದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ ಅಂತ ನನ್ನದು.

ನಾಲ್ಕು ಬಕೆಟ್

ಮಾತಿನಿಂದ ಅಕ್ಕ ಒಪ್ಪುವವರಲ್ಲ. ಮುಂದಿನ ಬೆಳೆಯ ಮೊದಲ ಹೂ ಬಂದಾಗ ತಾಯಿ ಮಗಳು ಕೂಡಿ ಒಂದು ಪರೀಕ್ಷೆ ಮಾಡಿದರು. ಒಂದೇ ಮಡಿಯಿಂದ, ಒಂದೇ ಬೆಳಿಗ್ಗೆ, ಹೆಚ್ಚುಕಡಿಮೆ ಒಂದೇ ಹದದ ದಂಟು ಕೊಯ್ದು ನಾಲ್ಕು ಬಕೆಟ್‌ಗೆ ಹಂಚಿದರು.

ಮೊದಲನೆಯದರಲ್ಲಿ ಬೋರ್ ನೀರು. ಎರಡನೆಯದರಲ್ಲಿ ಊರಿನ ಶುದ್ಧ ನೀರಿನ ಘಟಕದ ನೀರು, ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್‌ಗೆ ತುಂಬಿಸಿಕೊಳ್ಳುವ, ಎಲ್ಲರೂ ಫಿಲ್ಟರ್ ನೀರು ಅನ್ನುವ ನೀರು. ಮೂರನೆಯದರಲ್ಲಿ ಮಗಳು ಮುನಿರಾಬಾದಿನಿಂದ ಕ್ಯಾನ್‌ನಲ್ಲಿ ತಂದ ತುಂಗಭದ್ರಾ ಕಾಲುವೆ ನೀರು. ನಾಲ್ಕನೆಯದು ನನಗೆ ಬಹಳ ಹಿಡಿಸಿತು. ಫಿಲ್ಟರ್ ನೀರಿಗೆ ಅಡುಗೆ ಉಪ್ಪು ಹಾಕಿ, ಘಟಕದವರ ಹತ್ತಿರ ಇರುವ, ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಟಿಡಿಎಸ್ ಮೀಟರ್‌ನಲ್ಲಿ ಬೋರ್ ನೀರಿನಷ್ಟೇ ಅಂಕಿ ಬರುವ ಹಾಗೆ ಮಾಡಿದ್ದಳು.

ಇದು ಯಾಕೆ ಬೇಕಿತ್ತು? ಫಿಲ್ಟರ್ ಘಟಕ ಫ್ಲೋರೈಡ್ ಒಂದನ್ನೇ ತೆಗೆಯುವುದಿಲ್ಲ, ಬೇರೆ ಉಪ್ಪಿನಂಶವನ್ನೂ ತೆಗೆಯುತ್ತದೆ. ಬೋರ್ ನೀರಲ್ಲಿ ಹೂ ಕೆಟ್ಟು ಫಿಲ್ಟರ್ ನೀರಲ್ಲಿ ಚೆನ್ನಾಗಿದ್ದರೆ, ಕಾರಣ ಫ್ಲೋರೈಡೋ ಬರೀ ಸವಳೋ ಅಂತ ಹೇಗೆ ಹೇಳುವುದು? ಎಷ್ಟೋ ಪ್ರಯೋಗಗಳು ಇಲ್ಲೇ ಜಾರುತ್ತವೆ.

ಮೂರನೇ ದಿನಕ್ಕೆ ಉತ್ತರ ಕಣ್ಣಿಗೆ ಕಾಣುತ್ತಿತ್ತು. ಬೋರ್ ನೀರಿನವು ಹೋದ ವರ್ಷದ ಹಾಗೇ ಅಂಚು ಸುಟ್ಟುಕೊಂಡವು, ನಡುವಿನ ಮೊಗ್ಗು ನಿಂತವು. ಬಿಳಿ ತಳಿಯಲ್ಲಿ ಇದು ಇನ್ನೂ ಎದ್ದು ಕಂಡಿತು. ಫಿಲ್ಟರ್ ನೀರಿನವು ಚೆನ್ನಾಗಿ ಅರಳಿದವು. ಉಪ್ಪು ಹಾಕಿದ ಬಕೆಟ್‌ನವು ಸ್ವಲ್ಪ ಸೊರಗಿದ್ದವು, ಆದರೆ ಅಂಚು ಸುಟ್ಟಿರಲಿಲ್ಲ. ಲೀಟರಿಗೆ 700 ಮಿಲಿಗ್ರಾಂ ಆಸುಪಾಸಿನವರೆಗೆ ಗ್ಲಾಡಿಯೋಲಸ್ ಉಪ್ಪು ತಡೆಯುತ್ತದೆ ಅನ್ನುತ್ತಾರೆ, ಇಲ್ಲಿ ಕಂಡದ್ದೂ ಅದಕ್ಕೆ ಹೊಂದುತ್ತಿತ್ತು. ಕಾಲುವೆ ನೀರಿನವು ಅಂಚು ಸುಟ್ಟುಕೊಳ್ಳಲಿಲ್ಲ, ಆದರೆ ಬೇಗ ಬಾಡಿದವು. ದಂಟಿನ ಬುಡ ಮುಟ್ಟಿದರೆ ಲೋಳೆ. ಮಣ್ಣು, ಕ್ರಿಮಿ ತುಂಬಿದ ನೀರು ದಂಟಿನ ಕೊಳವೆಗಳನ್ನು ಕಟ್ಟಿಬಿಡುತ್ತದೆ. ಸೋಸಿ, ಕಾಯಿಸಿ ಆರಿಸಿ ಇಟ್ಟಿದ್ದರೆ ಅದೂ ಚೆನ್ನಾಗೇ ಬರುತ್ತಿತ್ತೇನೋ.

ಪಂಚಾಯಿತಿಯಲ್ಲಿದ್ದ ನೀರು ಪರೀಕ್ಷೆ ಕಿಟ್‌ನಲ್ಲಿ ಬೋರ್ ನೀರು ನೋಡಿಸಿದರು. ಫ್ಲೋರೈಡ್ 1.5 ದಾಟಿದೆ ಅಂತ ಬಣ್ಣ ಹೇಳಿತು. ಅಕ್ಕ ಆಮೇಲೆ ಸೇವಂತಿಯ ಮಾತು ಎತ್ತಲಿಲ್ಲ.

ಕಾಯಿಸುವ ವಿಷಯ ಬಂತು ಅಂತ ಒಂದು ಮಾತು. ಅಕ್ಕನ ಅತ್ತೆ ಬೋರ್ ನೀರನ್ನೇ ಕುದಿಸಿ ಆರಿಸಿ ಇಟ್ಟರೆ ಆಗುವುದಿಲ್ಲವೇ ಅಂತ ಕೇಳಿದರು. ಕ್ರಿಮಿಗೆ ಆಗುತ್ತದೆ, ಫ್ಲೋರೈಡ್‌ಗೆ ಆಗುವುದಿಲ್ಲ. ಕುದಿಸಿದರೆ ನೀರು ಇಂಗುತ್ತದೆ, ಫ್ಲೋರೈಡ್ ಹಾಗೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ, ಆದರೆ ಅವರ ಮನೆಯಲ್ಲಿ ಆಗ ತೊಟ್ಟಿ ಇರಲಿಲ್ಲ.

ಪ್ರದರ್ಶನದ ದಿನದಿಂದ ಹಿಂದಕ್ಕೆ ಎಣಿಸುವುದು

ನೀರು ಸರಿ ಹೋಯಿತು ಅಂದಮಾತ್ರಕ್ಕೆ ಬಹುಮಾನ ಬರುವುದಿಲ್ಲ. ಅರಳುವುದು ಆ ಬೆಳಿಗ್ಗೆಗೇ ಸರಿಯಾಗಿ ಬರಬೇಕು.

ಗ್ಲಾಡಿಯೋಲಸ್ ಗಡ್ಡೆ ನೆಟ್ಟ 60ರಿಂದ 100 ದಿನದಲ್ಲಿ ಹೂ ಬಿಡುತ್ತದೆ. ತಳಿ, ಹವೆ, ಗಡ್ಡೆಯ ಗಾತ್ರ ನೋಡಿ ಹಿಂದೆ ಮುಂದೆ ಆಗುತ್ತದೆ. ಒಂದೇ ದಿನ ಎಲ್ಲ ನೆಟ್ಟರೆ ಜೂಜಾಡಿದ ಹಾಗೆ. ಅಕ್ಕ ದಸರಾ ಆಸುಪಾಸಿನಿಂದ ಹತ್ತು ಹತ್ತು ದಿನ ಬಿಟ್ಟು ಮೂರು ಕಂತಿನಲ್ಲಿ ನೆಟ್ಟರು. ಹೂದಂಟು ಹೊರಡುವ ಮೊದಲೇ ಪಕ್ಕಕ್ಕೆ ತೊಗರಿ ಕಟ್ಟಿಗೆ ಚುಚ್ಚಿ ಸಡಿಲವಾಗಿ ಕಟ್ಟಿದರು. ನಮ್ಮ ಕಡೆ ಬೀಸುವ ಗಾಳಿಗೆ ದಂಟು ಒಂದು ಸಲ ಓರೆಯಾದರೆ ತುದಿ ಮೇಲಕ್ಕೆ ತಿರುಗಿ ಕುಡುಗೋಲಿನ ಆಕಾರ ಆಗಿಬಿಡುತ್ತದೆ. ತೀರ್ಪುಗಾರರು ಮೊದಲು ತೆಗೆದಿಡುವುದು ಅಂಥವನ್ನೇ.

ಮಾರಾಟಕ್ಕಾದರೆ ಬುಡದ ಒಂದೆರಡು ಮೊಗ್ಗು ಬಣ್ಣ ತೋರಿಸಿದಾಗ ಕೊಯ್ಯುತ್ತಾರೆ. ಪ್ರದರ್ಶನಕ್ಕೆ ಅದು ತೀರಾ ಬೇಗ. ಅಕ್ಕ ಎರಡು ಹೂ ಅರಳಿದ ಮೇಲೆ, ಪ್ರದರ್ಶನಕ್ಕೆ ಮೂರು ದಿನ ಇರುವಾಗ ಕೊಯ್ದರು. ಮನೆಯೊಳಗೆ ದಿನಕ್ಕೆ ಒಂದೊಂದೂವರೆ ಹೂ ಅರಳುತ್ತದೆ ಅಂತ ನಾಲ್ಕು ಬಕೆಟ್ ಪರೀಕ್ಷೆಯಲ್ಲೇ ನೋಡಿಕೊಂಡಿದ್ದರು. ಆ ಪರೀಕ್ಷೆಯಿಂದ ಸಿಕ್ಕ ಎರಡನೇ ಲಾಭ ಇದು. ಬೇಕಾದದ್ದು ಮೂರು, ಕೊಯ್ದದ್ದು ಅದರ ಮೂರು ಪಟ್ಟಿಗಿಂತ ಜಾಸ್ತಿ, ಅದೂ ಬೇರೆ ಬೇರೆ ಹದದಲ್ಲಿ. ಮೂರು ದಂಟು ಜೊತೆಯಾಗಬೇಕಾದರೆ ಆರಿಸಲು ಇರಬೇಕಲ್ಲ.

ಬಕೆಟ್ ಹೊಲಕ್ಕೇ ಹೋಯಿತು, ಅದರಲ್ಲಿ ಫಿಲ್ಟರ್ ನೀರು. ಸೂರ್ಯ ಏರುವ ಮುಂಚೆ ಹರಿತವಾದ ಚಾಕುವಿನಿಂದ ಓರೆಯಾಗಿ ಕೊಯ್ದು ತಕ್ಷಣ ನೀರಿಗೆ. ಗಿಡದಲ್ಲಿ ಕನಿಷ್ಠ ನಾಲ್ಕು ಎಲೆ ಬಿಟ್ಟರು, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಗಡ್ಡೆ ಬಲಿಯುವುದಿಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ.

ಮೊದಲ ರಾತ್ರಿ ಸಕ್ಕರೆ ನೀರು. ಲೀಟರಿಗೆ 200 ಗ್ರಾಂ ಸಕ್ಕರೆ, ಅಂದರೆ ನೂರಕ್ಕೆ 20ರಷ್ಟು. ಗಿಡದಿಂದ ಬೇರೆಯಾದ ದಂಟಿನಲ್ಲಿ ಮೇಲಿನ ಮೊಗ್ಗುಗಳನ್ನು ಅರಳಿಸುವಷ್ಟು ಆಹಾರ ಇರುವುದಿಲ್ಲ. ಒಂದು ರಾತ್ರಿ, ಹೆಚ್ಚೆಂದರೆ ಒಂದು ದಿನ ಇದರಲ್ಲಿ ಇಟ್ಟು ಆಮೇಲೆ ಬರೀ ನೀರಿಗೆ ಬದಲಿಸಿದರೆ ಮೇಲಿನ ಮೊಗ್ಗೂ ಅರಳುತ್ತದೆ, ಬಣ್ಣವೂ ನಿಲ್ಲುತ್ತದೆ. ಜಾಸ್ತಿ ಹೊತ್ತು ಇಟ್ಟರೆ ಎಲೆ ಸುಡುತ್ತದೆ. ಅತ್ತೆ ಇದನ್ನು ನೋಡಿ, “ಹೂವಿಗೆ ಸಕ್ರಿ ನೀರಾ? ಇರುವಿ ಬರ್ತಾವ ನೋಡವಾ” ಅಂದರು. ಬಂದವು ಕೂಡ! ಬಕೆಟ್ ಅನ್ನು ನೀರು ತುಂಬಿದ ದೊಡ್ಡ ಪರಾತದಲ್ಲಿ ಇಟ್ಟ ಮೇಲೆ ನಿಂತವು.

ಅರಳುವುದನ್ನು ತಡೆಯಲು ಫ್ರಿಜ್ ಬಳಸಬಹುದೇ? ಊರಿನ ಕೂಲ್‌ಡ್ರಿಂಕ್ಸ್ ಅಂಗಡಿಯವನು ಜಾಗ ಕೊಡಲು ತಯಾರಿದ್ದ. ಆದರೆ ಮೂರು ಅಡಿ ದಾಟಿದ ದಂಟು ಅದರಲ್ಲಿ ನಿಲ್ಲುವುದಿಲ್ಲ, ಮಲಗಿಸಬೇಕು. ಮಲಗಿಸಿದರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ. ಹಾಗಾಗಿ ಮಣ್ಣಿನ ಗೋಡೆಯ ಒಳಕೋಣೆ, ಕಿಟಕಿಗೆ ಒದ್ದೆ ಗೋಣಿಚೀಲ. ನಮ್ಮ ಒಣ ಹವೆಗೆ ಒದ್ದೆ ಗೋಣಿ ಒಳ್ಳೆ ತಂಪು ಕೊಡುತ್ತದೆ. ಹಿಂದೆ ಬಿದ್ದ ದಂಟುಗಳನ್ನು ಮಾತ್ರ ನಡುಮನೆಯ ಬೆಚ್ಚಗಿನ ಜಾಗಕ್ಕೆ ತಂದು ಮುಂದೆ ತಳ್ಳಿದರು.

ತುದಿ ಬಾಗಿದ್ದು

ಹೋದ ವರ್ಷ ದಂಟುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನ ಸೀಟಿನ ಕೆಳಗೆ ಮಲಗಿಸಿ ತಂದಿದ್ದರು. ಗ್ಲಾಡಿಯೋಲಸ್ ತುದಿ ಕೊಯ್ದ ಮೇಲೂ ಬೆಳೆಯುತ್ತಿರುತ್ತದೆ, ಯಾವುದು ಮೇಲೆ ಯಾವುದು ಕೆಳಗೆ ಅಂತ ಅದಕ್ಕೆ ಗೊತ್ತಾಗುತ್ತದೆ. ಮಲಗಿಸಿದರೆ ಕೆಳಬದಿಯ ಜೀವಕೋಶಗಳು ಜಾಸ್ತಿ ಉದ್ದವಾಗಿ ತುದಿ ಆಕಾಶದ ಕಡೆ ತಿರುಗುತ್ತದೆ. ಇದಕ್ಕೆ ದಿನ ಬೇಕಿಲ್ಲ, ಕೆಲವು ತಾಸು ಸಾಕು. ಒಮ್ಮೆ ಬಾಗಿದ್ದು ಪೂರ್ತಿ ನೆಟ್ಟಗಾಗುವುದು ಕಷ್ಟ. ಕೈಯಿಂದ ನೀವಿದರೆ ಮುರಿಯುತ್ತದೆ.

ಈ ಸಲ 20 ಲೀಟರ್ ಕ್ಯಾನಿನ ಬಾಯಿ ಕತ್ತರಿಸಿ, ಒಳಗೆ ನಾಲ್ಕು ಬೆರಳು ನೀರು ಬಿಟ್ಟು, ದಂಟುಗಳನ್ನು ನಿಲ್ಲಿಸಿ, ನಡುವೆ ಕಾಗದ ತುರುಕಿ ಟಂಟಂ ಆಟೋದಲ್ಲಿ ತಂದರು. ಬಸ್ಸಿಗೆ ಹೋಲಿಸಿದರೆ ಖರ್ಚು ಜಾಸ್ತಿ. ಆದರೆ ಜನವರಿಯಲ್ಲಿ ಗವಿಮಠದ ಜಾತ್ರೆಯ ಆಸುಪಾಸು ಕೊಪ್ಪಳದ ಬಸ್ಸಿನಲ್ಲಿ ಮನುಷ್ಯರಿಗೇ ನಿಲ್ಲಲು ಜಾಗ ಇರುವುದಿಲ್ಲ. ಹೂವಿನ ಕ್ಯಾನ್ ಎಲ್ಲಿ ನಿಲ್ಲಿಸುತ್ತೀರಿ?

ಸಿಂಗಾರ, ಮತ್ತು ಐರಿಸ್ ಕಾಗದ

ಮಗಳು ಅಮೆರಿಕದ ಐರಿಸ್ ಪ್ರದರ್ಶನದ ತಯಾರಿ ಬಗ್ಗೆ ಇದ್ದ ಕೆಲವು ಪುಟಗಳನ್ನು ಪ್ರಿಂಟ್ ತೆಗೆಸಿ ತಂದಿದ್ದಳು. ಕುಟುಂಬ ಒಂದೇ ಅಲ್ವಾ, ಉಪಯೋಗಕ್ಕೆ ಬರಬಹುದು ಅಂತ. ಅರ್ಧ ಬಂತು.

ಬಂದದ್ದು ಸ್ವಚ್ಛತೆಯ ಪಾಠ. ಐರಿಸ್ ಬೆಳೆಗಾರರು ಮೆತ್ತನೆಯ ಬ್ರಶ್‌ನಿಂದ ದೂಳು, ಪರಾಗ, ಹುಳದ ಗಲೀಜು ತೆಗೆಯುತ್ತಾರೆ. ಎಲೆ, ದಂಟಿನ ಮೇಲಿನ ಬೂದಿಯಂಥ ಮೇಣದ ಪದರವನ್ನು ಮಾತ್ರ ಉಜ್ಜುವುದಿಲ್ಲ, ಉಜ್ಜಿದರೆ ಬೆರಳಚ್ಚು ಬೀಳುತ್ತದೆ. ಕೊಪ್ಪಳದ ದೂಳಿನಲ್ಲಿ ಟಂಟಂ ಇಳಿದ ಹೂವಿಗೆ ಇದಕ್ಕಿಂತ ಬೇಕಾದ ಸಲಹೆ ಇಲ್ಲ. ಮಕ್ಕಳ ಪೇಂಟಿಂಗ್ ಬ್ರಶ್ ಸಾಕಾಯಿತು.

ಬಾರದೇ ಇದ್ದದ್ದು ಬಾಡಿದ ಹೂ ತೆಗೆಯುವ ಪಾಠ. ಐರಿಸ್ ದಂಟಿಗೆ ಕವಲುಗಳಿರುತ್ತವೆ, ಮೊದಲು ಅರಳುವುದು ತುದಿಯ ಹೂ, ಆಮೇಲೆ ಕವಲಿನವು. ಒಂದೊಂದು ಹೂವಿನ ಆಯಸ್ಸು ಮೂರು ದಿನ ದಾಟುವುದು ಅಪರೂಪ. ಹಾಗಾಗಿ ಬಾಡಿದ್ದನ್ನು ನಾಜೂಕಾಗಿ ತೆಗೆದು ಉಳಿದವುಗಳ ಸಮತೋಲ ಕಾಪಾಡುವುದು ಅಲ್ಲಿ ಒಂದು ಕಲೆ. ಗ್ಲಾಡಿಯೋಲಸ್‌ನಲ್ಲಿ ಹೂಗಳು ಒಂದರ ಮೇಲೊಂದು ಸಾಲಾಗಿರುತ್ತವೆ. ಬುಡದ ಹೂ ಕಿತ್ತರೆ ಅದು ಕೂತಿದ್ದ ಪೊರೆ ಅಲ್ಲೇ ಉಳಿಯುತ್ತದೆ. ಪೊರೆಯನ್ನೂ ಕಿತ್ತರೆ ಗಾಯದ ಗುರುತು. ತೀರ್ಪುಗಾರರು ಬಗ್ಗಿ ಮೊದಲು ನೋಡುವುದೇ ಬುಡವನ್ನು. ಬುಡದ ಹೂ ಬಾಡುವಷ್ಟು ಹಳೆಯದಾದ ದಂಟನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದುಕೊಳ್ಳುವುದೇ ಸರಿ. ಆರಿಸಲು ಹೆಚ್ಚು ಕೊಯ್ದಿದ್ದು ಇಲ್ಲಿ ಕೈ ಹಿಡಿಯಿತು.

ಮುಖ ತಿರುಗಿಸಿದ ಹೂವಿಗೆ ಹತ್ತಿ. ಹಿಂದಿನ ರಾತ್ರಿ, ಅರೆಬಿರಿದ ಹೂವನ್ನು ಮೆಲ್ಲಗೆ ಸಾಲಿಗೆ ತಿರುಗಿಸಿ, ಹೂವಿಗೂ ದಂಟಿಗೂ ನಡುವೆ ಹತ್ತಿ ಉಂಡೆ ಇಟ್ಟರು. ಬೆಳಗಾಗುವಷ್ಟರಲ್ಲಿ ಅದು ಹಾಗೇ ಕೂತಿತ್ತು. ತೀರ್ಪಿಗೆ ಮುಂಚೆ ಹತ್ತಿ ಎಲ್ಲ ತೆಗೆಯಲೇಬೇಕು. ತಂತಿ, ಅಂಟು ಬಳಸಿ ನಿಲ್ಲಿಸಿದ್ದು ಕಂಡರೆ ಎಂಟ್ರಿಯೇ ಹೊರಗೆ.

ಪ್ರದರ್ಶನದ ಬೆಳಿಗ್ಗೆ

ಪ್ರದರ್ಶನದ ಜಾಗದಲ್ಲಿ ಹೂ ಇಡುವ ಬಾಟಲಿಗೆ ನೀರು ಅವರೇ ತುಂಬಿಸಿ ಇಟ್ಟಿರುತ್ತಾರೆ. ಆ ನೀರು ಟ್ಯಾಂಕರ್‌ದು. ಟ್ಯಾಂಕರ್ ತುಂಬುವುದು ಹೆಚ್ಚಾಗಿ ಬೋರ್‌ನಿಂದ. ಅಕ್ಕ ತಮ್ಮ ಮೂರು ಬಾಟಲಿ ಖಾಲಿ ಮಾಡಿ, ತೊಳೆದು, ಊರಿಂದ ತಂದ ಫಿಲ್ಟರ್ ನೀರು ತುಂಬಿಸಿದರು. ಪಕ್ಕದ ಎಂಟ್ರಿಯವರು ನಕ್ಕರು. ತೀರ್ಪು ಬೆಳಿಗ್ಗೆಯೇ ಮುಗಿದರೂ ಹೂ ಎರಡು ದಿನ ಜನರೆದುರು ಇರಬೇಕು, ಹಾಗಾಗಿ ಇದು ಸುಮ್ನೆ ಮಾಡಿದ ಕೆಲಸ ಅಲ್ಲ.

ನೀರೊಳಗೇ ಮುಳುಗಿಸಿ ಬುಡ ಮತ್ತೊಮ್ಮೆ ಒಂದಿಂಚು ಕತ್ತರಿಸಿದರು, ಕೊಳವೆಯಲ್ಲಿ ಗಾಳಿ ಸೇರದಿರಲಿ ಅಂತ. ನೀರಿನ ಮಟ್ಟಕ್ಕಿಂತ ಕೆಳಗಿನ ಎಲೆ ತೆಗೆದರು. ಮೂರರ ಎತ್ತರ ಸರಿಮಾಡಿ, ಮೂರರ ಮುಖವನ್ನೂ ದಾರಿಯ ಕಡೆ ತಿರುಗಿಸಿದರು. ಅರಳಿದವು ಐದು, ಆರು, ಐದು. ಅಂಚು ಸ್ವಚ್ಛ. ತುದಿ ನೆಟ್ಟಗೆ.

ಬಂದದ್ದು ಎರಡನೇ ಬಹುಮಾನ. ಮೊದಲನೆಯದು ಗಂಗಾವತಿ ಕಡೆಯವರಿಗೆ ಹೋಯಿತು. ಅವರ ದಂಟು ಇವರದಕ್ಕಿಂತ ಸಣ್ಣವು, ಹೂವೂ ಚಿಕ್ಕವು. ಅಕ್ಕನ ಮೈದುನನಿಗೆ ಸಿಟ್ಟು ಬಂತು, “ದೊಡ್ಡವು ನಮ್ಮವಲ್ರೀ?” ಅಂದ. ನನಗೆ ತೀರ್ಪು ಸರಿ ಅನ್ನಿಸಿತು. ಗಂಗಾವತಿಯ ಮೂರು ದಂಟುಗಳಲ್ಲಿ ಯಾವುದು ಎಡ, ಯಾವುದು ಬಲ ಅಂತ ಬದಲಿಸಿ ಇಟ್ಟರೂ ಗೊತ್ತಾಗುತ್ತಿರಲಿಲ್ಲ. ಅಕ್ಕನ ನಡುವಿನ ದಂಟಿನಲ್ಲಿ ಮೂರನೇ ಮತ್ತು ನಾಲ್ಕನೇ ಹೂವಿನ ನಡುವೆ ಅಂತರ ಜಾಸ್ತಿ ಇತ್ತು, ಅದು ಗಿಡದಲ್ಲೇ ಹಾಗಿತ್ತು. ಹತ್ತಿಯಿಂದ ಮುಚ್ಚುವಂಥದ್ದಲ್ಲ. ಇದ್ದ ದಂಟುಗಳಲ್ಲಿ ಅದರ ಬದಲು ಇನ್ನೊಂದು, ಸ್ವಲ್ಪ ಗಿಡ್ಡನೆಯದನ್ನು ಆರಿಸಿ ಉಳಿದೆರಡನ್ನು ಅದಕ್ಕೆ ಸಮ ಕತ್ತರಿಸಬಹುದಿತ್ತು. ಮಗಳು ಅದನ್ನೇ ಹೇಳಿದ್ದಳಂತೆ. ಎತ್ತರ ಕಡಿಮೆ ಮಾಡಲು ಅಕ್ಕನಿಗೆ ಮನಸ್ಸು ಬರಲಿಲ್ಲ.

ಎರಡನೇ ದಿನ ಸಂಜೆ ಪ್ರದರ್ಶನ ಮುಗಿಯುವಾಗ ಹೋಗಿ ನೋಡಿದೆ. ಸಾಲಿನಲ್ಲಿದ್ದ ಎಷ್ಟೋ ಗ್ಲಾಡಿಯೋಲಸ್ ಅಂಚು ಕಂದಾಗಿದ್ದವು. ಗಂಗಾವತಿಯವರದೂ ಒಂದರಲ್ಲಿ ಶುರುವಾಗಿತ್ತು. ಅವರ ಊರಿಗೆ ಕಾಲುವೆ ನೀರಿದೆ, ಮನೆಯಲ್ಲಿ ಇದ್ದಾಗ ಏನೂ ಆಗಿರಲಿಕ್ಕಿಲ್ಲ. ಬಾಟಲಿಯ ನೀರು ಬದಲಿಸಿರಲಿಲ್ಲ. ಅವರನ್ನು ಕರೆದು ಹೇಳಿದೆ, ಟ್ಯಾಂಕರ್ ನೀರಿನ ವಿಷಯ ಅವರಿಗೆ ಹೊಳೆದೇ ಇರಲಿಲ್ಲ.

ಈಗ ಅಕ್ಕನ ಮನೆಯ ಮಾಳಿಗೆಯ ಮಳೆನೀರು ಹಿಡಿಯಲು ತೊಟ್ಟಿ ಕಟ್ಟಿಸುವ ಮಾತು ನಡೆದಿದೆ. ಮಗಳಿಗೆ ನೆರಳುಪರದೆ ಹಾಕಿ ಜರ್ಬೆರಾ ಬೆಳೆಯುವ ಆಸೆ. ಜರ್ಬೆರಾ ಕೂಡ 1 ಮಿಲಿಗ್ರಾಂ ಫ್ಲೋರೈಡ್‌ಗೇ ಕೆಡುವ ಹೂ, ಮೇಲಾಗಿ ಕೊಯ್ದದ್ದನ್ನು ದಿನಾ ನೀರಿನಲ್ಲಿಟ್ಟೇ ಮಾರಬೇಕು. ಹಾಗಾಗಿ ತೊಟ್ಟಿ ಆಗುವವರೆಗೆ ಗಡ್ಡೆ ಹೂವೇ ಸಾಕು ಅಂತ ಅಕ್ಕ ಅಂದಿದ್ದಾರೆ. ಸೇವಂತಿಗೆ ಮಾತ್ರ ಇವತ್ತಿಗೂ ಬೋರ್ ನೀರೇ.